ಮಿಲಾನಿನ ಒಂದು ದಿನ, ನಮ್ಮ ಸೀಮೆಯ ಮೆಟ್ಟು

ಪರದೇಶಕ್ಕೆ ಹೋದವರು ಹಗಲಿನಲ್ಲಿ ಮಹಾಮಂದಿರವೊಂದನ್ನು ನೋಡಿ, ಮಧ್ಯಾಹ್ನ ಬಂಧುಬಳಗಕ್ಕೆಂದು ನಾಲ್ಕು ನೆನಪಿನ ವಸ್ತುಗಳನ್ನು ಕೊಂಡು, ಸಂಜೆ ಬ್ಯಾಲೆ ನೃತ್ಯಕ್ಕೆ ಟಿಕೇಟು ತೆಗೆಸಿ ಕುಳಿತರೆಂದರೆ, ಊರಿನಲ್ಲಿ ಉಳಿದವರು ಅದನ್ನು ಉಳ್ಳವರ ವಿನೋದವೆಂದು ಬದಿಗಿಡುವುದುಂಟು. ನನ್ನ ಅಭಿಪ್ರಾಯ ಹಾಗಿಲ್ಲ. ಒಂದು ನಗರವು ತನ್ನ ಪೂರ್ವಿಕರ ಕೈಕೆಲಸವನ್ನು ಯಾವ ಬಗೆಯಲ್ಲಿ ಕಾಪಾಡಿಕೊಂಡಿದೆ, ಅದನ್ನು ಮಾಡಿದವರನ್ನು ಎಷ್ಟರಮಟ್ಟಿಗೆ ನೆನೆಯುತ್ತದೆ ಎಂಬುದಕ್ಕೆ ಅಂಥ ಒಂದು ದಿನದ ತಿರುಗಾಟದಲ್ಲಿ ಸಿಕ್ಕುವಷ್ಟು ಪ್ರತ್ಯಕ್ಷವಾದ ಉತ್ತರ ಗ್ರಂಥಗಳಲ್ಲಿಯೂ ಸಿಕ್ಕುವುದು ದುರ್ಲಭ. ಇಟಲಿಯ ಮಿಲಾನ್ ನಗರದಲ್ಲಿ ಕಳೆದ ಒಂದು ದಿನ ಈ ಮಾತನ್ನು ನನಗೆ ದೃಢಪಡಿಸಿತು. ಚಿಕ್ಕೋಡಿ ತಾಲೂಕಿನ ಕರೋಶಿಯವನಾದ ನನಗೆ ಆ ನಗರವನ್ನು ನೋಡಬೇಕೆನ್ನಿಸಿದುದಕ್ಕೆ ವಿಶೇಷ ಕಾರಣವೂ ಇತ್ತು. ಏಕೆಂದರೆ 2025ರ ಜೂನ್ ತಿಂಗಳಲ್ಲಿ ಅಲ್ಲಿಯ ಪ್ರಾಡಾ ಸಂಸ್ಥೆ ತನ್ನ ಹೊಸ ಉಡುಪುಗಳನ್ನು ಪ್ರದರ್ಶಿಸಿದಾಗ, ವೇದಿಕೆಯ ಮೇಲೆ ನಡೆದು ಬಂದ ತರುಣರ ಕಾಲಿನಲ್ಲಿ ಇದ್ದದ್ದು ಕೊಲ್ಲಾಪುರಿ ಎಂದು ಹೆಸರಾದ ನಮ್ಮ ಸೀಮೆಯ ಮೆಟ್ಟನ್ನೇ ಹೋಲುವ ಪಾದರಕ್ಷೆ.

ಸುದ್ದಿ ಹಬ್ಬಿದೊಡನೆ ಕೊಲ್ಲಾಪುರದಲ್ಲಿ ಕೋಲಾಹಲವೆದ್ದಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಕಾಗದ ಬರೆಯಿತು; ಪ್ರಾಡಾದವರು ಭಾರತದ ಕೈಕಸುಬೇ ತಮಗೆ ಪ್ರೇರಣೆಯೆಂದು ಒಪ್ಪಿಕೊಂಡರು; ಅವರ ಕಡೆಯವರು ಕೊಲ್ಲಾಪುರಕ್ಕೆ ಬಂದು ಕುಶಲಿಗರನ್ನು ಕಂಡು ಹೋದರು. ಈ ಮೆಟ್ಟನ್ನು ಮಾಡುವವರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿಯೂ ಬಹುಸಂಖ್ಯೆಯಲ್ಲಿದ್ದಾರೆಂದು ಕರ್ನಾಟಕದ ಸಚಿವರೊಬ್ಬರು ಆಗ ನೆನಪಿಸಬೇಕಾಯಿತು. ವರ್ಷದ ಕೊನೆಗೆ ಆ ಸಂಸ್ಥೆಗೂ ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ಲಿಡ್ಕರ್ ಎಂಬ ಚರ್ಮೋದ್ಯಮ ನಿಗಮಗಳಿಗೂ ಒಪ್ಪಂದವಾಗಿ, 2,000 ಜೊತೆ ಮೆಟ್ಟುಗಳನ್ನು ಇಲ್ಲಿಯೇ ಮಾಡಿಸಿ ಜೊತೆಯೊಂದಕ್ಕೆ ಸುಮಾರು 800 ಯೂರೋಗಳಂತೆ ಮಾರುವ ಯೋಜನೆ ಪ್ರಕಟವಾಯಿತು. ನಮ್ಮ ಹಣದಲ್ಲಿ ಅದು 80 ಸಾವಿರ ರೂಪಾಯಿಗಳನ್ನು ಮೀರುತ್ತದೆ. ಅಥಣಿಯ ಪೇಟೆಯಲ್ಲಿ ಅದೇ ವಂಶದ ಮೆಟ್ಟಿಗೆ ಸಾವಿರ ರೂಪಾಯಿ ಹೇಳಿದರೆ ಚೌಕಾಸಿ ಮಾಡದೆ ಕೊಳ್ಳುವವರು ವಿರಳ.

ಕೊಲ್ಲಾಪುರದ ಹೆಸರಿನ ಮೇಲೆ ನನಗೆ ಅಸೂಯೆಯಿಲ್ಲ. ಶಾಹೂ ಮಹಾರಾಜರು ಈ ಕಸುಬಿಗೆ ಕೊಟ್ಟ ಪ್ರೋತ್ಸಾಹ ಸ್ಮರಣಾರ್ಹವಾದುದು. ಸರಕಿಗೆ ಪೇಟೆ ಅಲ್ಲಿದ್ದುದರಿಂದ ಹೆಸರೂ ಅಲ್ಲಿಯದಾಯಿತು. 2019ರಲ್ಲಿ ಪ್ರಕಟವಾದ ಭೌಗೋಳಿಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೆಂಬ ನಮ್ಮ ನಾಲ್ಕು ಜಿಲ್ಲೆಗಳಿಗೂ ಸಮಾನವಾಗಿ ಸಂದಿದೆ. ಗಡಿಯ ಎರಡು ಬದಿಯ ಜನ ಒಂದೇ ಸಂತೆಯಲ್ಲಿ ಎರಡು ಭಾಷೆಯಲ್ಲಿ ವ್ಯವಹರಿಸುತ್ತ ಬಂದ ಈ ಸೀಮೆಗೆ ಅದು ತಕ್ಕ ತೀರ್ಪು. ನನ್ನ ಆಕ್ಷೇಪ ನಮ್ಮವರ ಮೇಲೆಯೇ. ಮಿಲಾನಿನವರು ನಮ್ಮ ಹೆಸರು ಹೇಳಲಿಲ್ಲವೆಂದು ನಾವು ಕೂಗಿದೆವು. ಆ ಹೆಸರನ್ನು ನಾವಾದರೂ ಎಲ್ಲಿ ಬರೆದಿಟ್ಟಿದ್ದೆವು?

ಈ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ನನ್ನ ಪ್ರಶ್ನೆಯ ಭಾರ ತಿಳಿದೀತು. ಎಮ್ಮೆ ಕೋಣಗಳ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು, ಕೂದಲು ಹೆರೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಒಗರು ನೀರಿನಲ್ಲಿ ಹದಗೊಳಿಸುತ್ತಾರೆ; ಹದದ ಒಂದು ಘಟ್ಟದಲ್ಲಿ ಆ ತೊಗಲನ್ನೇ ಚೀಲದಂತೆ ಹೊಲಿದು, ಅದರೊಳಗೆ ಒಗರು ನೀರು ತುಂಬಿ ತೂಗುಹಾಕಿದರೆ, ನೀರು ತೊಗಲಿನ ರಂಧ್ರ ರಂಧ್ರದಿಂದ ಮೆಲ್ಲಗೆ ಜಿನುಗುತ್ತ ಅದನ್ನು ಒಳಗಿನಿಂದಲೇ ಪಕ್ವಗೊಳಿಸುತ್ತದೆ. ಅನಂತರ ಗಂಡಸರು ರಂಪಿಗೆಯಿಂದ ಅಟ್ಟೆಯನ್ನು ಕೊಯ್ದು, ಕಲ್ಲಿನ ಮೇಲಿಟ್ಟು ಬಡಿದು ಬಿಗಿಗೊಳಿಸುತ್ತಾರೆ. ಹೆಂಗಸರು ಮನೆಯ ಪಡಸಾಲೆಯಲ್ಲಿ ಕುಳಿತು ಕೂದಲೆಳೆಯಷ್ಟು ಸಣ್ಣಗೆ ಸೀಳಿದ ತೊಗಲಿನಿಂದ ಮೇಲುಪಟ್ಟಿಯ ವೇಣಿಯನ್ನು ಹೆಣೆಯುತ್ತಾರೆ. ಎರಡು ಬದಿಗೆ ಕಿವಿ, ಹೆಬ್ಬೆರಳಿಗೆ ಉಂಗುರ, ಹಿಮ್ಮಡಿಗೆ ಪದರ ಪದರವಾಗಿ ಕೂಡಿಸಿದ ತೊಗಲು. ಎಲ್ಲವೂ ತೊಗಲಿನ ಎಳೆಯಿಂದಲೇ ಹೊಲಿದದ್ದಾಗಿ, ಶುದ್ಧ ಸಂಪ್ರದಾಯದ ಮೆಟ್ಟಿನಲ್ಲಿ ಒಂದು ಕಬ್ಬಿಣದ ಮೊಳೆಯೂ ಇರುವುದಿಲ್ಲ. ನಡೆದಾಗ ಕರಕರ ಸದ್ದು ಬರಲೆಂದು ಅಟ್ಟೆಗಳ ನಡುವೆ ಬೀಜವನ್ನಿಟ್ಟು ಹೊಲಿಯುವ ವಿದ್ಯೆಯೂ ಉಂಟು. ಹೊಸತರಲ್ಲಿ ಅದು ಕಾಲನ್ನು ಕಚ್ಚುತ್ತದೆ. ಎಣ್ಣೆ ಉಣಿಸಿ ನಾಲ್ಕು ದಿನ ಮೆಟ್ಟಿದರೆ ಹಾಕಿಕೊಂಡವನ ಪಾದದ ಆಕಾರವನ್ನೇ ತಾಳಿಬಿಡುತ್ತದೆ.

ಅಥಣಿಯ ಕಡೆಯ ಒಂದು ಮನೆಯಲ್ಲಿ ಹೀಗೆ ವೇಣಿ ಹೆಣೆಯುತ್ತಿದ್ದ ತಾಯಿಯೊಬ್ಬಳನ್ನು, ಅಟ್ಟೆಯ ಅಡಿಯಲ್ಲಿ ನಿಮ್ಮ ಹೆಸರನ್ನೇಕೆ ಒತ್ತುವುದಿಲ್ಲವೆಂದು ಕೇಳಿದ್ದೆನು. “ನಮ್ಮ ಹೆಸರ ಯಾರಿಗಿ ಬೇಕಾಗೇತ್ರೀ ಅಣ್ಣಾರ, ಒಯ್ದ ಅಂಗಡ್ಯಾವ್ರು ತಮ್ಮ ಶಿಕ್ಕಾ ಹೊಡ್ಕೋತಾರ” ಎಂದು ಆಕೆ ತಲೆಯೆತ್ತದೆಯೆ ಉತ್ತರ ಕೊಟ್ಟಳು. ಅವಳ ಕೈಯಲ್ಲಿದ್ದ ಎಳೆ ಆ ಮಾತಿನ ನಡುವೆಯೂ ನಿಲ್ಲಲಿಲ್ಲ. ಹನ್ನೆರಡನೆಯ ಶತಮಾನದ ಶರಣ ಸಮಗಾರ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಭಕ್ತಿಯಿಂದ ಕೇಳುವ, ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನವರ ಸ್ಮಾರಕವನ್ನು ಇದೇ ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿ ಪೂಜಿಸುವ ನಾಡು ನಮ್ಮದು. ಎಂಟು ಶತಮಾನಗಳ ಹಿಂದಿನ ಚರ್ಮಕಾರನ ಹೆಸರು ನಮಗೆ ಕಂಠಸ್ಥವಾಗಿದ್ದು, ಇಂದು ನಮ್ಮ ಕಾಲಿನಲ್ಲಿರುವ ಮೆಟ್ಟನ್ನು ಹೊಲಿದವಳ ಹೆಸರು ತಿಳಿಯದಿರುವುದು ನನ್ನ ಮನಸ್ಸು ಸಹಿಸದ ಸಂಗತಿ.

ಮಿಲಾನಿನಲ್ಲಿ ನೋಡತಕ್ಕ ಸ್ಥಳಗಳು ಅನೇಕವಿದ್ದರೂ ನಾನು ಹೇಳಬೇಕಾದುದಕ್ಕೆ ನಗರದ ನಡುವಣ ಒಂದು ಹರಿದಾರಿಯ ಭಾಗವೂ ಬೇಕಿಲ್ಲ. ಮಹಾಮಂದಿರದ ಚೌಕ, ಅದರ ಪಕ್ಕದಿಂದ ಹೊರಡುವ ಗಾಜಿನ ಮಾಡಿನ ಪೇಟೆ, ಪೇಟೆಯ ಆ ತುದಿಯಲ್ಲಿ ಸ್ಕಾಲಾ ನಾಟ್ಯಗೃಹ: ಇಷ್ಟೂ ಕೆಲವು ನಿಮಿಷಗಳ ಕಾಲ್ನಡಿಗೆಯೊಳಗಿವೆ. ಡ್ಯುಓಮೋ ಎಂದು ಅವರು ಕರೆಯುವ ಆ ಮಂದಿರದ ಕೆಲಸ 1386ರಲ್ಲಿ ಮೊದಲಾಯಿತು. ಮಾಡಿನ ಮೇಲೆ ಹತ್ತಿ ನಿಂತರೆ ನಸುಗೆಂಪು ಛಾಯೆಯ ಅಮೃತಶಿಲೆಯ 135 ಶಿಖರಗಳು ಸುತ್ತಲೂ ಕಾಣುತ್ತವೆ. ಶಿಲ್ಪಗಳ ಸಂಖ್ಯೆ ಮೂರು ಸಾವಿರವನ್ನು ಮೀರಿದೆ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮಂದಿರವನ್ನು ಕಟ್ಟುವುದಕ್ಕೆಂದು 1387ರಲ್ಲಿ ನೇಮಿಸಲ್ಪಟ್ಟ ಸಂಸ್ಥೆಯೇ ಇಂದಿಗೂ ಅದರ ಪಾಲನೆಯನ್ನು ನೋಡಿಕೊಳ್ಳುತ್ತಿದೆ. ಕಾಂದೋಲ್ಯಾ ಎಂಬಲ್ಲಿಯ ಅದೇ ಗಣಿಯಿಂದ ಅದೇ ಶಿಲೆಯನ್ನು ತರಿಸಿ, ಮಳೆಗಾಳಿಗಳಿಗೆ ಸವೆದ ಕಲ್ಲನ್ನು ತೆಗೆದು ಹೊಸ ಕಲ್ಲನ್ನು ಕೆತ್ತಿ ಕೂಡಿಸುವ ಶಿಲ್ಪಿಗಳನ್ನು ಅದು ಸಾಕಿಕೊಂಡಿದೆ. ರಾಜವಂಶಗಳು ಅಳಿದವು, ಫ್ರೆಂಚರು ಬಂದರು, ಆಸ್ಟ್ರಿಯದವರು ಬಂದರು, ಯುದ್ಧಗಳು ಹಾದುಹೋದವು. ಕಲ್ಲು ಕುಟ್ಟುವವನಿಗೆ ಕೂಲಿ ಕೊಡುವ ಕಚೇರಿ ಮಾತ್ರ ಮುಚ್ಚಲಿಲ್ಲ.

ಗಾಜಿನ ಪೇಟೆಯನ್ನು ಜುಸೆಪ್ಪೆ ಮೆಂಗೋನಿಯೆಂಬ ವಾಸ್ತುಶಿಲ್ಪಿ 1865ರಿಂದ ಕಟ್ಟತೊಡಗಿ, 1877ರ ಡಿಸೆಂಬರಿನಲ್ಲಿ, ಕೆಲಸ ಇನ್ನೇನು ಮುಗಿಯಿತೆನ್ನುವಾಗ, ಅಲ್ಲಿಯೇ ಮೇಲಿನಿಂದ ಬಿದ್ದು ಪ್ರಾಣಬಿಟ್ಟನು. ನೆಲದ ಮೇಲೆ ಬಣ್ಣದ ಕಲ್ಲುಗಳಲ್ಲಿ ರಚಿಸಿದ ಗೂಳಿಯೊಂದಿದ್ದು, ಅದರ ಮೇಲೆ ಹಿಮ್ಮಡಿಯೂರಿ ಸುತ್ತಿದರೆ ಶುಭವಾಗುವುದೆಂಬ ನಂಬಿಕೆಯಿಂದ ಪ್ರವಾಸಿಗಳು ಆ ಜಾಗವನ್ನು ಕುಳಿಬೀಳುವಷ್ಟು ಸವೆಸಿದ್ದಾರೆ. ಇದೇ ಪೇಟೆಯಲ್ಲಿ 1913ರಲ್ಲಿ ಮಾರಿಯೋ ಪ್ರಾಡಾ ತನ್ನ ಸೋದರನೊಡನೆ ತೊಗಲಿನ ಪೆಟ್ಟಿಗೆ ಚೀಲಗಳ ಅಂಗಡಿ ತೆರೆದನು. ಅಂಗಡಿ ಅಲ್ಲಿಯೇ ಇದೆ. 1913 ಎಂಬ ವರ್ಷವನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದರ ಗಾಜಿನ ಕಪಾಟಿನ ಮುಂದೆ ನಿಂತಾಗ ನನ್ನಲ್ಲಿ ಕೋಪವುಂಟಾಗಬಹುದೆಂದು ಎಣಿಸಿದ್ದೆನು, ಉಂಟಾದುದು ದುಃಖ. ಚರ್ಮದ ಕೆಲಸದಿಂದಲೇ ಮೇಲೆ ಬಂದ ಈ ಮನೆತನ ಒಂದು ಶತಮಾನದಲ್ಲಿ ಲೋಕವಿಖ್ಯಾತವಾಯಿತು. ಅದಕ್ಕೂ ಹಿಂದಿನಿಂದ ಚರ್ಮದಲ್ಲಿ ಕೈಪಳಗಿದ ನಮ್ಮ ಸಮಗಾರರ, ಢೋರರ ಮನೆತನಗಳು ಊರ ಹೊರಗಿನ ಓಣಿಯಲ್ಲಿ ಉಳಿದವು. ಚರ್ಮವನ್ನು ಮುಟ್ಟಿದ ಕೈಯನ್ನು ನಾವು ಮುಟ್ಟಲೊಲ್ಲದೆ ಹೋದೆವು. ಈ ಪಾಪದ ಲೆಕ್ಕವನ್ನು ಇಟಲಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ನೆನಪಿನ ವಸ್ತುವಿಗಾಗಿ ನಾನು ಹೋದದ್ದು ಸ್ಕಾಲಾದ ಬಳಿಯ ಪೋರ್ಸೆಲ್ಲಿಯೆಂಬ ಅಂಗಡಿಗೆ. 1919ರಲ್ಲಿ ಆರಂಭವಾದ ಈ ಮನೆಯವರು ನರ್ತಕಿಯರ ಪಾದರಕ್ಷೆ ಮಾಡುವವರು. ಕಾಲ್ಬೆರಳ ತುದಿಯ ಮೇಲೆ ನಿಲ್ಲುವುದಕ್ಕೆ ಹಾಕಿಕೊಳ್ಳುವ ಆ ಜೋಡನ್ನು ಅಂಗೈಯಲ್ಲಿಟ್ಟು ನೋಡಿದರೆ, ಮೇಲೆ ನುಣುಪಾದ ಗುಲಾಬಿ ಸ್ಯಾಟಿನ್. ಮುಂದಿನ ತುದಿಯಲ್ಲಿ ಬಟ್ಟೆಯ ಮತ್ತು ಕಾಗದದ ಪದರಗಳನ್ನು ಅಂಟಿನಿಂದ ಒಗ್ಗೂಡಿಸಿ ಒಣಗಿಸಿದ ಗಟ್ಟಿಯಾದ ಮೊಗಟೆ. ಅಡಿಗೆ ತೊಗಲಿನ ಸಣ್ಣ ಅಟ್ಟೆ. ನರ್ತಕಿ ಅದನ್ನು ಬಗ್ಗಿಸಿ, ಬಡಿದು, ತನ್ನ ಕೈಯಿಂದಲೇ ಪಟ್ಟಿ ಹೊಲಿದು ಹದಕ್ಕೆ ತಂದುಕೊಳ್ಳಬೇಕು. ಅಷ್ಟು ಶ್ರಮದಿಂದ ಸಿದ್ಧವಾದ ಜೋಡು ಅನೇಕ ವೇಳೆ ಒಂದೇ ರಾತ್ರಿಯ ಕುಣಿತಕ್ಕೆ ಸೋತುಹೋಗುತ್ತದೆ. ಲಂಡನ್ನಿನಲ್ಲಿ 1929ರಲ್ಲಿ ಮೊದಲಾದ ಫ್ರೀಡ್ ಎಂಬ ಕಾರ್ಖಾನೆಯ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಒಬ್ಬೊಬ್ಬ ಕೆಲಸಗಾರನಿಗೂ ಒಂದೊಂದು ಗುರುತುಂಟು, ಒಬ್ಬನಿಗೆ ಕಿರೀಟ, ಒಬ್ಬನಿಗೆ ಮೀನು, ಇನ್ನೊಬ್ಬನಿಗೆ ಬರಿಯ ಒಂದಕ್ಷರ. ತಾನು ಮಾಡಿದ ಪ್ರತಿಯೊಂದು ಜೋಡಿನ ಅಟ್ಟೆಯ ಮೇಲೆ ಆತ ಆ ಗುರುತನ್ನು ಒತ್ತುತ್ತಾನೆ. ಜಗತ್ಪ್ರಸಿದ್ಧ ನರ್ತಕಿಯರು ಕಾರ್ಖಾನೆಯ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಇಂಥ ಗುರುತಿನವನು ಮಾಡಿದ್ದೇ ತಮಗೆ ಬೇಕೆಂದು ಬರೆದು ತರಿಸುತ್ತಾರೆ, ಆತ ವೃತ್ತಿಯಿಂದ ನಿವೃತ್ತನಾದನೆಂದರೆ ಕಂಗಾಲಾಗುತ್ತಾರೆ. ಅಥಣಿಯ ಆ ತಾಯಿಯ ಮಾತಿಗೆ ಉತ್ತರ ಇಲ್ಲಿದೆಯೆಂದು ನನಗನ್ನಿಸಿತು. ಹೆಸರು ಬೇಕಾಗುವುದು ಮೆಟ್ಟುವ ಪಾದಕ್ಕೆ. ಒತ್ತಿದ ಗುರುತು ನಿತ್ಯವೂ ಕಣ್ಣಿಗೆ ಬಿದ್ದರೆ ಕೊಳ್ಳುವವನು ಅದನ್ನು ಕೇಳತೊಡಗುತ್ತಾನೆ, ಕೇಳತೊಡಗಿದ ಮೇಲೆ ಮಾಡಿದವಳ ಕೂಲಿಯೂ ಏರುತ್ತದೆ.

ಆ ರಾತ್ರಿ ಸ್ಕಾಲಾದಲ್ಲಿ ‘ಜಿಸೆಲ್’ ಬ್ಯಾಲೆಯಿತ್ತು. 1778ರ ಆಗಸ್ಟ್ 3ರಂದು ತೆರೆದ ಈ ಮನೆ 1943ರ ಬಾಂಬಿನ ದಾಳಿಯಲ್ಲಿ ಹಾಳಾಗಿ, ಯುದ್ಧ ಮುಗಿದ ಒಂದೇ ವರ್ಷದಲ್ಲಿ, 1946ರ ಮೇ ತಿಂಗಳಲ್ಲಿ, ತೊಸ್ಕಾನಿನಿಯ ಸಂಗೀತ ನಿರ್ದೇಶನದೊಡನೆ ಮತ್ತೆ ತೆರೆಯಿತು; ಉಣ್ಣುವುದಕ್ಕೂ ಕಷ್ಟವಿದ್ದ ಕಾಲದಲ್ಲಿ ಒಂದು ನಗರ ಮೊದಲು ಎತ್ತಿ ನಿಲ್ಲಿಸಿಕೊಂಡವುಗಳಲ್ಲಿ ತನ್ನ ನಾಟ್ಯಗೃಹವೂ ಒಂದೆಂಬುದನ್ನು ನೆನೆದು ನಾನು ಗೌರವದಿಂದ ಒಳಗೆ ಕಾಲಿಟ್ಟೆನು. ನನ್ನ ಆಸನ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿತ್ತು. ಪ್ಯಾರಿಸಿನಲ್ಲಿ 1841ರಲ್ಲಿ ಮೊದಲು ಆಡಿದ ಈ ಬ್ಯಾಲೆಯ ಕಥೆ ಸರಳವಾದುದು: ಹಳ್ಳಿಯ ಹುಡುಗಿ ಜಿಸೆಲ್ ವೇಷ ಮರೆಸಿಕೊಂಡು ಬಂದ ಸಿರಿವಂತ ತರುಣನನ್ನು ನಂಬಿ ಮೋಸಹೋಗಿ, ಎದೆಯೊಡೆದು ಸಾಯುತ್ತಾಳೆ, ಮದುವೆಗೆ ಮುನ್ನ ಸತ್ತ ಕನ್ಯೆಯರ ಪ್ರೇತಗಣದಲ್ಲಿ ಸೇರಿದ ಮೇಲೆಯೂ, ಆತನನ್ನು ಕುಣಿಸಿ ಕೊಲ್ಲಬಂದ ಆ ಗಣದಿಂದ ಬೆಳಗಿನವರೆಗೆ ಅವನನ್ನು ಕಾಯುತ್ತಾಳೆ. ಎರಡನೆಯ ಅಂಕದಲ್ಲಿ ಬಿಳಿಯುಡುಪಿನ ಆ ಕನ್ಯೆಯರು ಎರಡು ಸಾಲಾಗಿ, ಒಂದು ಕಾಲನ್ನು ಹಿಂದಕ್ಕೆತ್ತಿ, ಇನ್ನೊಂದರ ಮೇಲೆ ಕುಪ್ಪಳಿಸುತ್ತ ಒಬ್ಬರೊಳಗೊಬ್ಬರು ಹಾಯ್ದುಹೋದಾಗ ಕಣ್ಣಿಗೆ ಅವರು ತೇಲುವಂತೆ ಕಂಡರೂ, ಮೇಲಿನಿಂದ ಕಿವಿಗೊಟ್ಟವನಿಗೆ ಅಷ್ಟು ಜೊತೆ ಪಾದರಕ್ಷೆಗಳು ಹಲಗೆಯ ಮೇಲೆ ಒಟ್ಟಿಗೆ ಬೀಳುವ ಮಂದವಾದ ಸದ್ದು ಕೇಳುತ್ತಿತ್ತು. ಆ ಸದ್ದು ನನಗೆ ರಸಭಂಗವಾಗಿ ತೋರಲಿಲ್ಲ. ಗಾಳಿಯಲ್ಲಿ ತೇಲುವ ಪ್ರೇತಗಳ ಹಿಂದೆ ಮೈಮುರಿದು ದುಡಿಯುವ ಮನುಷ್ಯರಿದ್ದಾರೆಂಬುದನ್ನು ಅದು ಸಾರುತ್ತಿತ್ತು, ಸೊಗಸು ಅದರಿಂದ ಹೆಚ್ಚಿತು.

ಜಿಸೆಲ್ ಪಾತ್ರದಿಂದ ಜಗದ್ವಿಖ್ಯಾತಳಾದ ಕಾರ್ಲಾ ಫ್ರಾಚ್ಚಿ ಇದೇ ಮಿಲಾನಿನ ಟ್ರಾಮ್ ಚಾಲಕನ ಮಗಳು. 1813ರಲ್ಲಿ ಸ್ಥಾಪನೆಯಾದ ಸ್ಕಾಲಾದ ನೃತ್ಯಶಾಲೆ ಬಾಲ್ಯದಲ್ಲಿಯೇ ಆಕೆಯನ್ನು ಸೇರಿಸಿಕೊಂಡು ವಿದ್ಯೆ ಕಲಿಸಿತು. 2021ರಲ್ಲಿ ಆಕೆ ತೀರಿಕೊಂಡಾಗ ಆ ನಾಟ್ಯಗೃಹದಲ್ಲಿಯೇ ಆಕೆಯ ದೇಹವನ್ನಿಟ್ಟು ಜನ ಅಂತ್ಯದರ್ಶನ ಪಡೆದರು. ಇದನ್ನು ಓದುವಾಗ ನನಗೆ ನೆನಪಾಗುವ ಹೆಸರು ಕೌಜಲಗಿ ನಿಂಗಮ್ಮನದು. ಶ್ರೀಕೃಷ್ಣ ಪಾರಿಜಾತ ಬಯಲಾಟವೆಂದರೆ ಕೌಜಲಗಿ ನಿಂಗಮ್ಮ ಎಂಬಷ್ಟು ಆಕೆಯ ಕೀರ್ತಿ ಈ ಸೀಮೆಯಲ್ಲಿ ಹಬ್ಬಿತ್ತು. ಗೋಕಾಕ ಸೀಮೆಯ ಕುಲಗೋಡದ ತಮ್ಮಣ್ಣ ತಿದ್ದಿ ಬೆಳಸಿದ ಈ ಆಟದಲ್ಲಿಯೂ ನೊಂದ ಹೆಣ್ಣಿನ ಮನಸ್ಸೇ ನಡುವಸ್ತು: ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟನೆಂದು ಕೇಳಿದ ಸತ್ಯಭಾಮೆ ಮುನಿಯುತ್ತಾಳೆ, ಜಗಳವಾಡುತ್ತಾಳೆ, ವಿರಹದಲ್ಲಿ ಬೇಯುತ್ತಾಳೆ. ಜಿಸೆಲ್ ಮೌನವಾಗಿ ಕ್ಷಮಿಸುವವಳು. ನಮ್ಮ ಭಾಮೆ ದೇವರನ್ನೂ ಎದುರಿಗೆ ನಿಲ್ಲಿಸಿ ಕೇಳುವವಳು. ಯಾವುದು ಮೇಲೆಂದು ಹೇಳಹೋಗುವುದಿಲ್ಲ. ಹಾರ್ಮೋನಿಯಂ ತಬಲಾಗಳ ಮೇಳದಲ್ಲಿ ಬೆಳತನಕ ಊರ ಚಾವಡಿಯ ಮುಂದೆ ನಡೆಯುವ ಭಾಮೆಯ ಆ ವಾದದಲ್ಲಿ ನನ್ನ ಕಣ್ಣು ತೇವವಾದಷ್ಟು ಸ್ಕಾಲಾದಲ್ಲಿ ಆಗಲಿಲ್ಲ. ಆದರೆ ಸ್ಕಾಲಾಕ್ಕೆ ಮನೆಯಿದೆ, ಶಾಲೆಯಿದೆ, ಡಿಸೆಂಬರ್ 7ರಂದು ತಪ್ಪದೆ ಮೊದಲಾಗುವ ಋತುವಿದೆ. ಪಾರಿಜಾತದ ಕಲಾವಿದನಿಗೆ ಮುಂದಿನ ಆಟ ಯಾವ ಊರಲ್ಲಿ ಯಾವ ತಿಂಗಳಲ್ಲಿ ಎಂಬುದೇ ತಿಳಿದಿರುವುದಿಲ್ಲ.

ಪರದೇಶದಲ್ಲಿ ಬ್ಯಾಲೆಯನ್ನು ಕಂಡ ಕನ್ನಡಿಗರು ಮೆಚ್ಚಿ ಮರೆತದ್ದೇ ಸಂಪ್ರದಾಯವಲ್ಲ. ಬೆಂಗಳೂರಿನ ಮಾಯಾ ರಾವ್ ಅವರು 1960ರ ಸುಮಾರಿಗೆ ಮಾಸ್ಕೋಗೆ ಹೋಗಿ ನೃತ್ಯಸಂಯೋಜನೆಯ ಶಾಸ್ತ್ರವನ್ನೇ ಕಲಿತು ಬಂದು, 1964ರಲ್ಲಿ ದೆಹಲಿಯಲ್ಲಿ ಅದಕ್ಕೊಂದು ಶಾಲೆ ತೆರೆದು, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಯುರೋಪನ್ನು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದ ಶಿವರಾಮ ಕಾರಂತರು ಯಕ್ಷಗಾನಕ್ಕೆ ಬ್ಯಾಲೆಯ ರೂಪವನ್ನೂ ಕೊಟ್ಟು ಪರದೇಶಗಳಿಗೆ ಒಯ್ದರು. ನೋಡಿ ಬಂದದ್ದನ್ನು ನೆಲದಲ್ಲಿ ಊರುವ ಈ ಬಗೆಯ ಛಲ ನಮ್ಮ ಗಡಿಸೀಮೆಯ ಪಾಲಿಗೆ ಇನ್ನೂ ಒದಗಬೇಕಾಗಿದೆ.

ಕುಡಿಯುವ ನೀರು, ರಸ್ತೆಗಳಿಗೇ ಹಣವಿಲ್ಲದ ತಾಲೂಕುಗಳಲ್ಲಿ ಮೆಟ್ಟಿಗೂ ಆಟಕ್ಕೂ ಯಾರು ದುಡ್ಡು ಸುರಿಯಬೇಕು, ಚಿಕ್ಕೋಡಿಗೆ ಯಾವ ಪ್ರವಾಸಿ ಬರುತ್ತಾನೆ ಎಂದು ಕೇಳುವವರಿದ್ದಾರೆ. ಬರುವವರು ಬರುತ್ತಲೇ ಇದ್ದಾರೆ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಎರಡು ರಾಜ್ಯಗಳ ಜನ ಸೇರುತ್ತಾರೆ. ಕೃಷ್ಣೆಯ ದಡದ ಯಡೂರಿನ ವೀರಭದ್ರನಿಗೂ ನಿಪ್ಪಾಣಿಯ ಬಳಿಯ ಸ್ತವನಿಧಿಯ ಜಿನಾಲಯಕ್ಕೂ ಭಕ್ತರು ಬರುತ್ತಾರೆ. ಕಾಗವಾಡದ ಕಡೆಯಿಂದ ಹೊಳೆ ದಾಟಿದರೆ ಸಿಕ್ಕುವ ಖಿದ್ರಾಪುರದ ಕೋಪೇಶ್ವರ ದೇಗುಲದಲ್ಲಿ ನಡುಮಾಡಿಲ್ಲದೆ ಆಕಾಶಕ್ಕೆ ತೆರೆದ ಸ್ವರ್ಗಮಂಟಪದ ಕಂಬಗಳ ನಡುವೆ ನಿಂತವನು ಮಿಲಾನಿನ ಶಿಖರಗಳನ್ನು ಕಂಡು ದಂಗಾಗಬೇಕಾದುದಿಲ್ಲ. ಬೆಳಗ್ಗೆ ಖಿದ್ರಾಪುರ, ಮಧ್ಯಾಹ್ನ ಅಥಣಿಯ ಸಮಗಾರರ ಓಣಿ, ರಾತ್ರಿ ಪಾರಿಜಾತ: ಇಷ್ಟನ್ನು ಒಂದು ದಿನದಲ್ಲಿ ನೋಡುವ ದಾರಿ ಈಗಲೂ ಇದೆ, ನೋಡಿಸುವ ಏರ್ಪಾಡು ಇಲ್ಲ.

ಆದಕಾರಣ ಲಿಡ್ಕರ್ ನಿಗಮವು ಆ 2,000 ಜೊತೆಗಳಲ್ಲಿ ತನ್ನ ಪಾಲಿನವುಗಳಿಂದಲೇ ಕೆಲಸವನ್ನು ಮೊದಲುಮಾಡಲಿ. ಪ್ರತಿಯೊಂದು ಅಟ್ಟೆಯ ಅಡಿಯಲ್ಲಿ ಹೊಲಿದವರ ಗುರುತೂ ಊರ ಹೆಸರೂ ಬೀಳಲಿ, ವೇಣಿ ಹೆಣೆದವಳದು ಬೇರೆ, ಅಟ್ಟೆ ಕೊಯ್ದವನದು ಬೇರೆ. ಅಥಣಿಯಲ್ಲಿ ಈ ವಿದ್ಯೆಗೆ ಶಾಲೆಯೊಂದಾಗಿ, ತೊಗಲಿನ ಹದದಿಂದ ಹಿಡಿದು ಕಡೆಯ ಹೊಲಿಗೆಯವರೆಗೆ ಕಲಿಯುವ ಹುಡುಗ ಹುಡುಗಿಯರಿಗೆ ವಿದ್ಯಾರ್ಥಿವೇತನ ದೊರೆಯಲಿ, ಕಲಿಸುವವರು ಆ ಓಣಿಯ ಹಿರಿಯರೇ ಆಗಿರಲಿ. ಜಾತಿಯ ಕಟ್ಟು ಆ ಶಾಲೆಯ ಬಾಗಿಲನ್ನು ಮುಟ್ಟದಿರಲಿ. ಚಿಕ್ಕೋಡಿಯಲ್ಲಾಗಲಿ ರಾಯಬಾಗದಲ್ಲಾಗಲಿ ಪಾರಿಜಾತಕ್ಕೊಂದು ಸ್ವಂತ ರಂಗಮಂದಿರವಾಗಿ, ಸುಗ್ಗಿ ಮುಗಿದ ಮೇಲೆ ಗೊತ್ತಾದ ವಾರದಲ್ಲಿ, ಗೊತ್ತಾದ ಸಂಬಳದಲ್ಲಿ ಆಟ ನಡೆಯಲಿ. ಇವಕ್ಕೆ ಸಮಯ ಹಿಡಿದೀತು. ಮಾಘ ಮಾಸದ ಚಿಂಚಲಿಯ ಜಾತ್ರೆಯಲ್ಲಿ ಮೆಟ್ಟು ಮಾರುವ ಸಾಲಿನಲ್ಲಿ, ದಲ್ಲಾಳಿಯ ಫಲಕಕ್ಕಿಂತ ಮೇಲೆ ಮಾಡಿದವರ ಹೆಸರಿನ ಫಲಕ ತೂಗಬೇಕೆಂದು ಜಿಲ್ಲಾಡಳಿತ ಆಜ್ಞೆ ಹೊರಡಿಸುವುದಕ್ಕೆ ಒಂದು ಕಾಗದ ಸಾಕು. ಅದನ್ನು ಬರುವ ಜಾತ್ರೆಗೇ ಮಾಡಬಹುದು.